ದೊಡ್ಡಮ್ಮನ ಟೀವಿಯಲ್ಲಿ ಮಕ್ಕಳು

ಈಗ ನಿಮಗೆ ಕಾಣುತ್ತಿರುವುದು ತಿಪಟೂರಿನ ಆಚೆ, ತೆಂಗಿನ ತೋಟದ ನಡುವೆ ಇರುವ ನಮ್ಮ ದೊಡ್ಡಮ್ಮನ ಮನೆ. ಮಗ ಪುಣೆಯಲ್ಲಿದ್ದಾನೆ, ಮಗಳು ಸಿಂಗಪುರದಲ್ಲಿದ್ದಾಳೆ. ಕಾಯಿ ಕೀಳುವವರು ಬಂದ ದಿನ ಬಿಟ್ಟರೆ ಈ ಮನೆಯಲ್ಲಿ ಕೇಳಿಸುವ ಮಾತೆಂದರೆ ಟೀವಿಯದೊಂದೇ. ಆದ್ದರಿಂದ ವೀಡಿಯೊ ಕರೆಯ ಮೂಲಕ ಮಕ್ಕಳನ್ನೂ ಅದೇ ಟೀವಿಯೊಳಗೆ ತರಬೇಕೆಂದು ನಾನು ಹಟ ಹಿಡಿದೆ.

ಟೀವಿಗೆ ಇಂಟರ್ನೆಟ್ ತರುವ ಬಾಕ್ಸಿಗೆ ವೈರು ಕೊಡುವುದು, ಕ್ಯಾಮೆರಾ ಕೂರಿಸುವುದು ದೃಶ್ಯದಲ್ಲೇ ಇದೆ, ವಿವರಿಸುವುದಿಲ್ಲ. ಆದರೆ ಯುಎಸ್‌ಬಿ ಕ್ಯಾಮೆರಾವನ್ನು ಗುರುತಿಸದ ಟೀವಿಗಳೂ ಬಾಕ್ಸುಗಳೂ ಇರುವುದರಿಂದ, ಹಣ ಕೊಡುವ ಮೊದಲು ಅಂಗಡಿಯಲ್ಲೇ ಹಾಕಿಸಿ ನೋಡಿ.

ಫೋನ್ ಇದೆಯಲ್ಲ, ಟೀವಿ ಏಕೆ ಎಂದು ಹಲವರು ಕೇಳಿದ್ದಾರೆ. ನಡುಗುವ ಕೈಯಲ್ಲಿ ಫೋನ್ ಹಿಡಿದಾಗ ಮಕ್ಕಳಿಗೆ ಕಾಣುತ್ತಿದ್ದುದು ಅಮ್ಮನ ಹಣೆ ಮತ್ತು ಮನೆಯ ತೊಲೆ ಮಾತ್ರ. ಅದಕ್ಕಿಂತ ದೊಡ್ಡ ತೊಂದರೆ ಕಿವಿಯದು. ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಮಂದವಾಗುವುದು ಎತ್ತರದ ಶ್ರುತಿಯ ಸದ್ದುಗಳು, ಅಂದರೆ ಸ, ಶ, ತ ಮುಂತಾದ ವ್ಯಂಜನಗಳ ಸದ್ದು. ಹೀಗಾಗಿ ನಾವು ಎಷ್ಟು ಕೂಗಿದರೂ ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. 32 ಇಂಚಿನ ಪರದೆಯಲ್ಲಿ ಮಗಳ ತುಟಿ ಕಂಡೊಡನೆ ಕಿವಿಗೆ ದಕ್ಕದ್ದನ್ನು ದೊಡ್ಡಮ್ಮ ಕಣ್ಣಿನಿಂದ ಹಿಡಿದರು. ಅವರ ಮೊದಲ ಮಾತು, "ಎಷ್ಟು ಸೊರಗಿದ್ದೀಯೇ, ಫೋನಲ್ಲಿ ಗೊತ್ತೇ ಆಗಿರ್ಲಿಲ್ಲ."

ನನ್ನನ್ನು ನಿಜಕ್ಕೂ ಕಾಡಿದ್ದು ರಿಮೋಟುಗಳು. ಟೀವಿಗೊಂದು, ಕೇಬಲ್ ಬಾಕ್ಸಿಗೊಂದು, ಈಗ ಈ ಹೊಸ ಬಾಕ್ಸಿಗೊಂದು. ಮೂರೂ ಕಪ್ಪು, ಮೂರರಲ್ಲೂ ಕೆಂಪು ಗುಂಡಿ. ನಾನು ತುಮಕೂರಿಗೆ ಹಿಂತಿರುಗಿದ ಮೇಲೆ, ಕನ್ನಡಕವಿಲ್ಲದೆ ಸದ್ದು ಹೆಚ್ಚಿಸಲು ಹೋದ ದೊಡ್ಡಮ್ಮ, ಟೀವಿ ಯಾವ ಬಾಕ್ಸಿನ ಚಿತ್ರ ತೋರಿಸಬೇಕೆಂಬುದನ್ನು ಬದಲಿಸುವ ಸೋರ್ಸ್ ಗುಂಡಿ ಒತ್ತಿದ್ದಾರೆ. ಪರದೆ ನೀಲಿಯಾಗಿ, ಇಂಗ್ಲಿಷಿನಲ್ಲಿ 'ನೋ ಸಿಗ್ನಲ್' ಎಂದು ತೋರಿಸಿ ಸುಮ್ಮನಾಗಿದೆ. ಕೇಬಲ್‌ನವನು ಬರುವವರೆಗೆ ಮಗಳೂ ಇಲ್ಲ, ಧಾರಾವಾಹಿಯೂ ಇಲ್ಲ. "ನಾನೇ ಏನೋ ಕೆಡಿಸಿಬಿಟ್ಟೆ ಕಣಪ್ಪ" ಎಂದು ಅವರು ಹೇಳಿದಾಗ ನನಗೆ ಟೀವಿ ತಯಾರಿಸುವವರ ಮೇಲೆ ವಿಪರೀತ ಸಿಟ್ಟು ಬಂತು. ಒಂಟಿಯಾಗಿರುವ ಹಿರಿಯರನ್ನು ಒಂದೇ ಗುಂಡಿಯಿಂದ ಮತ್ತಷ್ಟು ಒಂಟಿಯಾಗಿಸುವ ವಸ್ತುವನ್ನು ಚೆನ್ನಾಗಿ ಮಾಡಿದ ವಸ್ತು ಎಂದು ನಾನು ಒಪ್ಪುವುದಿಲ್ಲ.

ಇದಕ್ಕೆ ಉಪಾಯವಿದೆ. ಟೀವಿಯ ಸೆಟ್ಟಿಂಗ್ಸ್‌ನಲ್ಲಿ ಎಚ್‌ಡಿಎಂಐ ಸಿಇಸಿ ಎಂಬುದನ್ನು ಆನ್ ಮಾಡಿದರೆ, ಬಾಕ್ಸಿನ ರಿಮೋಟ್ ಒತ್ತಿ ಅದನ್ನು ಎಬ್ಬಿಸಿದೊಡನೆ ಟೀವಿಯೂ ಎದ್ದು ತಾನಾಗಿಯೇ ಅದರತ್ತ ಹೊರಳುತ್ತದೆ. ಕಂಪನಿಗಳು ಇದಕ್ಕೆ ಬೇರೆ ಬೇರೆ ಹೆಸರಿಟ್ಟಿರುವುದರಿಂದ ಸ್ವಲ್ಪ ಹುಡುಕಬೇಕಾಗುತ್ತದೆ. ಬೇಕಾದ ಗುಂಡಿಗಳನ್ನಷ್ಟೇ ಬಿಟ್ಟು ಉಳಿದವುಗಳ ಮೇಲೆ ಎಲೆಕ್ಟ್ರಿಷಿಯನ್ ಬಳಸುವ ಕಪ್ಪು ಟೇಪು ಸುತ್ತಿದ್ದೇನೆ, ಈಗ ತೋರಿಸುತ್ತಿದ್ದೇನೆ ನೋಡಿ.

ನಾರ್ವೆಯ ನೋ ಐಸೊಲೇಷನ್ ಎಂಬ ಕಂಪನಿ ಹಿರಿಯರಿಗೆಂದೇ ಮಾಡಿರುವ 'ಕಾಂಪ್' ಎಂಬ ಪರದೆಗೆ ಇರುವುದು ತಿರುಗಿಸುವ ಒಂದೇ ಗುಂಡಿ. ಮನೆಯವರ ಕರೆ ಬಂದರೆ ಅದು ತಾನಾಗಿಯೇ ತೆರೆದುಕೊಳ್ಳುತ್ತದೆ. ಇಲ್ಲೂ ಹಾಗೆಯೇ ಇರಬೇಕೆಂಬುದು ನನ್ನ ಬಲವಾದ ಅಭಿಪ್ರಾಯವಾಗಿತ್ತು. ಆದರೆ ದೊಡ್ಡಮ್ಮ ಮಲಗುವುದು, ಸೀರೆ ಬದಲಾಯಿಸುವುದು ಎಲ್ಲವೂ ಟೀವಿ ಇರುವ ಈ ನಡುಮನೆಯಲ್ಲೇ ಎಂಬುದನ್ನು ನೋಡಿದ ಮೇಲೆ ಆ ಅಭಿಪ್ರಾಯವನ್ನು ಬಿಟ್ಟೆ. ಹಾಸಿಗೆ ಹಿಡಿದವರಿಗೆ, ಅದೂ ಅವರು ಒಪ್ಪಿದರೆ, ಅದು ಸರಿ. ಎದ್ದು ಓಡಾಡುವವರಿಗೆ ಬೇಡ. ಕ್ಯಾಮೆರಾದ ಮುಚ್ಚಳವನ್ನು ತೆರೆಯುವ ಅಧಿಕಾರ ಅವರದೇ ಆಗಿರಲಿ.

ಕರೆಯ ಹೊತ್ತನ್ನು ಸಂಜೆ ಆರೂವರೆಗೆ ಗೊತ್ತುಮಾಡಿದ್ದೇವೆ. ಆಗ ಸಿಂಗಪುರದಲ್ಲಿ ಒಂಬತ್ತು ಗಂಟೆ, ಮಗಳ ಊಟವಾಗಿರುತ್ತದೆ. ಇಲ್ಲಿ ಧಾರಾವಾಹಿಗೆ ಇನ್ನೂ ಅರ್ಧ ಗಂಟೆ ಇರುತ್ತದೆ. ಧಾರಾವಾಹಿಯ ನಡುವೆ ಕರೆ ಮಾಡುವುದು ಊಟದ ಎಲೆಯ ಮುಂದಿನಿಂದ ಎಬ್ಬಿಸಿದಂತೆ, ಯಾರೂ ಮಾಡಬೇಡಿ. ಕರೆಂಟ್ ಹೋದಾಗಲೂ ವೈಫೈ ಇರಲೆಂದು ರೂಟರಿಗೆ ಸಣ್ಣ ಯುಪಿಎಸ್ ಹಾಕಿದ್ದೇನೆ; ಟೀವಿ ಆರಿದಾಗ ಮಾತ್ರ ಹಳೆಯ ಫೋನೇ ಗತಿ. ಆರೂವರೆಯಾಗುತ್ತಾ ಬಂತು, ಚಿತ್ರೀಕರಣವನ್ನು ಇಲ್ಲಿಗೆ ನಿಲ್ಲಿಸುತ್ತೇನೆ.