ಸಾಲ ತೀರಿಸುವ ಮೊದಲು

ಅಧ್ಯಕ್ಷರೇ, ಹಾಲಿನ ಸಂಘದ ನಿರ್ದೇಶಕರೇ, ಸ್ತ್ರೀಶಕ್ತಿ ಗುಂಪಿನ ತಾಯಂದಿರೇ, ಅಣ್ಣತಮ್ಮಂದಿರೇ,

ಜೂಜಿನ ಬಗ್ಗೆ ಮಾತಾಡಿ ಅಂದ ಕೂಡಲೇ ಧರ್ಮರಾಯನಿಂದ ಶುರುಮಾಡುವುದು ನಮ್ಮಲ್ಲಿ ವಾಡಿಕೆ. ಆ ಕಥೆಯನ್ನು ನನಗಿಂತ ಚೆನ್ನಾಗಿ ಹೇಳುವವರು ಈ ಊರಲ್ಲೇ ಇದ್ದೀರಿ. ನಾನು ಬಂದಿರುವುದು ಬೇರೆ ಮಾತಿಗೆ. ಮನೆಯ ಹುಡುಗನೋ ಯಜಮಾನನೋ ಆಡಿ ಸಾಲ ಮಾಡಿಕೊಂಡಿದ್ದಾನೆ ಅಂತ ಗೊತ್ತಾದ ದಿನ ಉಳಿದವರು ಏನು ಮಾಡಬೇಕು ಅನ್ನುವುದಕ್ಕೆ.

ಯುಗಾದಿ ಬಂತು ಅಂದರೆ ಈ ಕಡೆ ಇಸ್ಪೀಟು ಹೊರಗೆ ಬರುತ್ತದೆ. "ವರ್ಷಕ್ಕೊಂದಿನ ಬಿಡಿ ಸಾ" ಅಂತೀರಿ. ಹಬ್ಬ ಅಂತ ಕಾನೂನು ಬಿಡುವುದಿಲ್ಲ. ಬೀದಿಯಲ್ಲಿ ದುಡ್ಡು ಕಟ್ಟಿ ಅಂದರ್ ಬಾಹರ್ ಆಡಿದರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಕೇಸು ಬೀಳುತ್ತದೆ. ಮೊಬೈಲಿನಲ್ಲಿ ದುಡ್ಡಿಟ್ಟು ಆಡುವ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿ ನಿಷೇಧಿಸಿತು. ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆಡಿದವನಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಡಾಕ್ಟರ ಹತ್ತಿರ ಬಾಯಿಬಿಟ್ಟರೆ ಪೊಲೀಸರು ಬರುತ್ತಾರೇನೋ ಅಂತ ಹೆದರಿ ಕೂತವರಿದ್ದಾರೆ.

ಇನ್ನು ರೇಸ್‌ಕೋರ್ಸ್‌ನಂಥ ಕಾನೂನಿನೊಳಗಿನ ಜಾಗಕ್ಕೆ ಹೋಗುವವರಿಗೆ ಹೇಳುವುದು ಸ್ವಲ್ಪವೇ. ಹೋದರೆ ಹೋಯಿತು ಅನ್ನುವಷ್ಟು ನಗದು ಮಾತ್ರ ಜೇಬಿನಲ್ಲಿರಲಿ, ಕಾರ್ಡು ಮನೆಯಲ್ಲಿರಲಿ. ಕೈಸಾಲದ ದುಡ್ಡಿನಲ್ಲಿ ಆಡಬೇಡಿ, ಕುಡಿದು ಆಡಬೇಡಿ. ಸೋತ ದುಡ್ಡನ್ನು ಅವತ್ತೇ ವಾಪಸ್ ತರುತ್ತೇನೆ ಅಂತ ಮತ್ತೆ ಕೂರಬೇಡಿ. ಈ ಕೊನೆಯದೊಂದನ್ನು ಪಾಲಿಸಲು ಆಗುತ್ತಿಲ್ಲ ಅಂತಾದರೆ ಮಿತಿಯಲ್ಲಿ ಆಡುವ ಮಾತೇ ನಿಮಗೆ ಹೊಂದುವುದಿಲ್ಲ, ಪೂರ್ತಿ ಬಿಡಬೇಕಾಗುತ್ತದೆ.

ಒಂದು ಸಣ್ಣ ಲೆಕ್ಕ. ನಾಲ್ಕು ಜನ ತಲಾ 1000 ರೂಪಾಯಿ ತಂದು ಕೂತರು. ಪ್ರತಿ ಆಟಕ್ಕೆ ತಲಾ 100, ಒಟ್ಟು 400. ಜಾಗ ಕೊಟ್ಟವನು ಆಟಕ್ಕೆ 20 ರೂಪಾಯಿ ಎತ್ತಿಕೊಳ್ಳುತ್ತಾನೆ. 50 ಆಟ ಮುಗಿಯುವಷ್ಟರಲ್ಲಿ ನಾಲ್ವರು ತಂದ 4000ದಲ್ಲಿ 1000 ಅವನ ಪಾಲು. ಅವನು ಒಂದು ಎಲೆಯನ್ನೂ ಮುಟ್ಟಿಲ್ಲ. ಮೊಬೈಲ್ ಆಟದಲ್ಲಿ ಇದೇ ಕೆಲಸ ಸದ್ದಿಲ್ಲದೆ, ನಿಮಿಷಕ್ಕೊಂದು ಆಟದ ವೇಗದಲ್ಲಿ ನಡೆಯುತ್ತದೆ. "ಐದು ಸಲ ಸೋತಿದೀನಿ, ಈಗ ನನ್ನ ಸರದಿ" ಅನ್ನುವವರಿಗೆ ಇಷ್ಟೇ ಹೇಳುವುದು: ಹಿಂದಿನ ಆಟದಲ್ಲಿ ಯಾರು ಸೋತರು ಅನ್ನುವುದು ಕಲೆಸಿಟ್ಟ ಎಲೆಗೆ ಗೊತ್ತಿರುವುದಿಲ್ಲ.

ಚಟ ಯಾವುದು, ಹವ್ಯಾಸ ಯಾವುದು ಅಂತ ತಿಳಿಯಲು ಎರಡು ಪ್ರಶ್ನೆ ಸಾಕು ಅಂತ ನಾವು ಆಪ್ತಸಮಾಲೋಚಕರು ಅಂದುಕೊಂಡಿದ್ದೇವೆ. ಕಟ್ಟುವ ದುಡ್ಡನ್ನು ಹೆಚ್ಚಿಸುತ್ತಲೇ ಹೋಗಬೇಕು ಅನ್ನಿಸಿದೆಯೇ? ಎಷ್ಟು ಆಡಿದೆ ಅನ್ನುವುದನ್ನು ಮನೆಯವರಿಗೆ ಸುಳ್ಳು ಹೇಳಿದ್ದೀರಾ? ಒಂದಕ್ಕೆ ಹೌದು ಅಂದರೂ ಡಾಕ್ಟರನ್ನು ಕಾಣಬೇಕು. ಮನೆಯವರಿಗೆ ಬಾಯಿಮಾತಿಗಿಂತ ಬ್ಯಾಂಕ್ ಸ್ಟೇಟ್‌ಮೆಂಟ್ ಬೇಗ ಹೇಳುತ್ತದೆ. ಒಬ್ಬ ತಾಯಿ ತಂದಿದ್ದ ಹಾಳೆ ನೆನಪಿದೆ: ಹಾಲಿನ ಬಟವಾಡೆ ಜಮೆಯಾದ ರಾತ್ರಿಯೇ 500, 500, 1000, 2000 ಅಂತ ಸಾಲಾಗಿ ಹೋಗಿದೆ, ಎಲ್ಲವೂ ಹೆಸರೇ ಕೇಳದ ಖಾತೆಗಳಿಗೆ. ಕೊನೆಗೆ ಉಳಿದದ್ದು 37 ರೂಪಾಯಿ. ಆಕೆ ಅಂದದ್ದು, "ಹಸ ಕಟ್ಟಿದವಳು ನಾನು, ನನಗೇ ಲೆಕ್ಕ ಗೊತ್ತಿಲ್ಲವಲ್ಲ."

ಆ ಮನೆಯವರು ಅದಾಗಲೇ ಎರಡು ಸಲ ಸಾಲ ತೀರಿಸಿದ್ದರು, ಒಮ್ಮೆ ಒಡವೆ ಅಡವಿಟ್ಟು, ಒಮ್ಮೆ ಕುರಿ ಮಾರಿ. ದೇವಸ್ಥಾನದಲ್ಲಿ ಆಣೆ ಮಾಡಿಸಿದ್ದರು. ಎಲ್ಲ ಮನೆಯಲ್ಲೂ ಹೀಗೇ ಆಗುವುದು, ಪ್ರೀತಿಯಿಂದಲೇ ಆಗುವುದು. ಆದರೆ ಬಾಕಿ ಇಡಿಯಾಗಿ ತೀರಿದ ಕೂಡಲೇ ಅವನಿಗೆ ಸಾಲ ಕೊಡುವವರು ಮತ್ತೆ ಸಿಗುತ್ತಾರೆ. ಆಡಬೇಕೆಂಬ ತುಡಿತ ಮಾತ್ರ ಹಾಗೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಇದೂ ಇದೆ. ಆಣೆಯಿಂದ ಸಕ್ಕರೆ ಕಾಯಿಲೆ ಇಳಿಸಲು ಯಾರೂ ಹೋಗುವುದಿಲ್ಲ ತಾನೇ?

ಹಾಗಾದರೆ ಸಾಲಕ್ಕೇನು ದಾರಿ? ಮೊದಲು ಪೂರ್ತಿ ಪಟ್ಟಿ ಬರೆಸಿ. ಯಾರಿಗೆ, ಎಷ್ಟು, ಯಾವ ಬಡ್ಡಿಗೆ. ಮೊದಲ ಸಲ ಬರೆದ ಪಟ್ಟಿ ಪೂರ್ತಿ ಇರುವುದಿಲ್ಲ. ವಾರ ಬಿಟ್ಟು ಮತ್ತೆ ಕೇಳಿ. ಪಂದ್ಯದಲ್ಲಿ ಸೋತ ಬಾಕಿಯನ್ನು ಕೋರ್ಟಿಗೆ ಹೋಗಿ ವಸೂಲು ಮಾಡಲು ಬರುವುದಿಲ್ಲ, 1872ರ ಕರಾರು ಕಾಯ್ದೆಯ 30ನೇ ಕಲಮು ಹಾಗೆ ಹೇಳುತ್ತದೆ. ಮೀಟರ್ ಬಡ್ಡಿಯವರ ಮೇಲೆ 2004ರಿಂದಲೇ ನಮ್ಮ ರಾಜ್ಯದಲ್ಲಿ ಕಾಯ್ದೆಯಿದೆ; ಮನೆ ಮುಂದೆ ಬಂದು ಗಲಾಟೆ ಮಾಡಿದರೆ ಠಾಣೆಗೆ ದೂರು ಕೊಡಿ. ಬ್ಯಾಂಕು, ಸೊಸೈಟಿ ಸಾಲವನ್ನು ಕಂತಿನಲ್ಲಿ, ನೇರ ಅವರ ಖಾತೆಗೇ ಕಟ್ಟಿ. ದುಡ್ಡು ಅವನ ಕೈಯಿಂದ ಹಾಯಬಾರದು. ಬಟವಾಡೆ ಹೆಂಡತಿಯದೋ ತಾಯಿಯದೋ ಖಾತೆಗೆ ಬರಲಿ, ಯುಪಿಐ ಸ್ವಲ್ಪ ಕಾಲ ತೆಗೆಸಿಬಿಡಿ. ಅವಮಾನ ಅನ್ನಿಸುತ್ತದೆ, ನಿಜ. ಅವನೊಡನೆ ಕೂತು, ಅವನನ್ನು ಒಪ್ಪಿಸಿ ಮಾಡಿ.

ಜೊತೆಗೇ ಚಿಕಿತ್ಸೆ ಶುರುವಾಗಬೇಕು. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಹೆಂಡತಿ, ಅಪ್ಪ, ಯಾರು ಬೇಕಾದರೂ ಕರೆ ಮಾಡಬಹುದು. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ತಾಲ್ಲೂಕು ಆಸ್ಪತ್ರೆಗೆ ಅವರು ಬರುವ ದಿನ ಯಾವುದು ಅಂತ ಅಲ್ಲೇ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ವಿಭಾಗವಿದೆ, ಮೊಬೈಲ್ ಗೀಳಿಗೆಂದು 2014ರಿಂದ ಬೇರೆ ಕ್ಲಿನಿಕ್ ಕೂಡ ಇದೆ.

ಇಲ್ಲಿರುವ ಹಿರಿಯರಿಗೆ ಒಂದು ಮಾತು. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಮಾತ್ರೆಗಳಿಂದ ಕೆಲವರಿಗೆ ಜೂಜಿನ ಹುಚ್ಚು ಹತ್ತುವುದುಂಟು. ಜನ್ಮದಲ್ಲಿ ಎಲೆ ಹಿಡಿಯದ ತಾತ ಇದ್ದಕ್ಕಿದ್ದಂತೆ ಆಡತೊಡಗಿದರೆ ಬೈಯುವ ಮುಂಚೆ ಮಾತ್ರೆ ಚೀಟಿ ಡಾಕ್ಟರಿಗೆ ತೋರಿಸಿ. ನೀವಾಗಿಯೇ ನಿಲ್ಲಿಸಬೇಡಿ.

ಸಾಲ ಬಯಲಾದ ಮೊದಲ ಕೆಲವು ದಿನ ಬಲು ಸೂಕ್ಷ್ಮ. "ನಾನಿಲ್ಲದಿದ್ದರೆ ಎಲ್ಲ ಸರಿಹೋಗುತ್ತೆ" ಅಂತ ಅವನು ಅಂದರೆ ನಾಟಕ ಅಂತ ತಳ್ಳಿಹಾಕಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಂಟಿಯಾಗಿ ಬಿಡಬೇಡಿ, ಹೊಲದ ಔಷಧಿ ಡಬ್ಬಗಳನ್ನು ಬೀಗ ಹಾಕಿಡಿ. ಜೀವಕ್ಕೆ ಅಪಾಯ ಅನ್ನಿಸಿದರೆ 112.

ತಿಂಗಳುಗಟ್ಟಲೆ ಬಿಟ್ಟವನು ಐಪಿಎಲ್ ಹೊತ್ತಿಗೆ ಮತ್ತೆ ಬೆಟ್ ಕಟ್ಟಿದ ಅಂತ ತಿಳಿಯಬಹುದು. ಆಗ ಹೊಸ ಸಾಲವನ್ನು ಪಟ್ಟಿಗೆ ಸೇರಿಸಿ, ಅದೇ ವಾರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನಾನು ಊಟ ಮುಗಿಯುವವರೆಗೂ ಇಲ್ಲೇ ಇರುತ್ತೇನೆ. ಮೈಕ್ ಮುಂದೆ ಕೇಳಲಾಗದ ಪ್ರಶ್ನೆ ಇದ್ದವರು ಬನ್ನಿ, ಆ ಕಡೆ ಕೂತು ಮಾತಾಡೋಣ.