ಡ್ರ್ಯಾಗ್ ರೇಸ್ ಗೆದ್ದ ದುಡ್ಡು ಎಲ್ಲಿಗೆ ಹೋಗುತ್ತೆ? ಗಾಲ್ಫ್ ಪಕ್ಕದಲ್ಲಿಟ್ಟು ನೋಡಿದಾಗ

2024ರ ಏಪ್ರಿಲ್‌ನಲ್ಲಿ ಅಮೆರಿಕದ ಆಗಸ್ಟಾದಲ್ಲಿ ಮಾಸ್ಟರ್ಸ್ ಗಾಲ್ಫ್ ಗೆದ್ದ ಸ್ಕಾಟಿ ಶೆಫ್ಲರ್‌ಗೆ ಸಿಕ್ಕಿದ್ದು 36 ಲಕ್ಷ ಡಾಲರ್. ಒಂದು ಟೂರ್ನಮೆಂಟು, ನಾಲ್ಕು ದಿನದ ಆಟ. ಇನ್ನು ಡ್ರ್ಯಾಗ್ ರೇಸ್, ಅಂದ್ರೆ ನೇರ ದಾರಿಯಲ್ಲಿ ಎರಡೆರಡು ಕಾರು ಪಕ್ಕಪಕ್ಕ ಓಡೋ ಪಂದ್ಯ. ಅದೇ ಅಮೆರಿಕದಲ್ಲಿ ಅದರ ಅತಿ ವೇಗದ ವಿಭಾಗವಾದ ಟಾಪ್ ಫ್ಯೂಯಲ್‌ನ ಕಾರು (ಡ್ರ್ಯಾಗ್‌ಸ್ಟರ್) ಓಡಿಸಿ, ಎನ್‌ಎಚ್‌ಆರ್‌ಎ ಸಂಸ್ಥೆ ನಡೆಸೋ ಒಂದು ರೇಸ್ ಗೆದ್ದವರಿಗೆ ಎಷ್ಟೋ ವರ್ಷ ಸಿಗ್ತಾ ಇದ್ದಿದ್ದು ಸುಮಾರು 50 ಸಾವಿರ ಡಾಲರ್. ವರ್ಷಪೂರ್ತಿ ಊರೂರು ಸುತ್ತಿ, ಎಲ್ಲರನ್ನೂ ಸೋಲಿಸಿ ಚಾಂಪಿಯನ್ ಆದರೆ, ಮೆಲೊ ಯೆಲ್ಲೊ ಅನ್ನೋ ತಂಪು ಪಾನೀಯ ಸರಣಿಯ ಪ್ರಾಯೋಜಕನಾಗಿದ್ದ ಕಾಲದಲ್ಲಿ, 5 ಲಕ್ಷ ಡಾಲರ್.

ನಮ್ಮ ಬೆಂಗಳೂರಿನ ಗಾಲ್ಫರ್ ಅನಿರ್ಬನ್ ಲಾಹಿರಿ 2022ರಲ್ಲಿ ಪ್ಲೇಯರ್ಸ್ ಚಾಂಪಿಯನ್‌ಷಿಪ್‌ನಲ್ಲಿ ಕ್ಯಾಮರೂನ್ ಸ್ಮಿತ್‌ಗಿಂತ ಒಂದೇ ಒಂದು ಸ್ಟ್ರೋಕ್ ಹಿಂದೆ ಉಳಿದು ಎರಡನೇ ಸ್ಥಾನಕ್ಕೆ ಬಂದರಲ್ಲ, ಆಗ ಅವರಿಗೆ ಬಂದಿದ್ದು 21 ಲಕ್ಷ 80 ಸಾವಿರ ಡಾಲರ್. ಅಂದ್ರೆ ಟಾಪ್ ಫ್ಯೂಯಲ್‌ನಲ್ಲಿ ನಾಲ್ಕು ಸಲ ಚಾಂಪಿಯನ್ ಆದರೂ ಅಷ್ಟು ದುಡ್ಡು ಕೂಡೋದಿಲ್ಲ. ಲಾಹಿರಿ ಬಗ್ಗೆ ನನಗೆ ಹೆಮ್ಮೆ ಇದೆ, ಆ ದುಡ್ಡಿನ ಒಂದೊಂದು ಡಾಲರೂ ಅವರ ಬೆವರಿನದೇ. ನನ್ನನ್ನ ಕಾಡೋದು ಇನ್ನೊಂದು ಕಡೆಯ ಲೆಕ್ಕ.

ನಾನಿರೋದು ಲಾಸ್ ಏಂಜಲೀಸ್ ಕಡೆ. ಇಲ್ಲಿಂದ ಸಮುದ್ರದ ಕಡೆ ಹೋದ್ರೆ ರಿವಿಯೆರಾ ಗಾಲ್ಫ್ ಮೈದಾನ. ಪೂರ್ವಕ್ಕೆ ಹೋದ್ರೆ ಪೊಮೋನಾ ಡ್ರ್ಯಾಗ್‌ಸ್ಟ್ರಿಪ್. ರಿವಿಯೆರಾದಲ್ಲಿ 2024ರ ಜೆನೆಸಿಸ್ ಇನ್ವಿಟೇಷನಲ್ ಗೆದ್ದ ಹಿಡೆಕಿ ಮಾತ್ಸುಯಾಮಾಗೆ 40 ಲಕ್ಷ ಡಾಲರ್ ಬಂತು. ಎರಡೂ ಒಂದೇ ಊರಿನ ಆಚೀಚೆ ತುದಿ, ಆದ್ರೆ ದುಡ್ಡು ಹರಿಯೋ ದಾರಿ ಪೂರ್ತಿ ಬೇರೆ.

ಈಗ ಪೊಮೋನಾದ ಪಿಟ್‌ಗೆ ಬನ್ನಿ, ಅಂದ್ರೆ ಓಟಗಳ ನಡುವೆ ಟೀಮಿನವರು ಕಾರು ಬಿಚ್ಚಿ ಕಟ್ಟೋ ಜಾಗಕ್ಕೆ. ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಪದ್ಧತಿ ಇದೆ. ಎನ್‌ಎಚ್‌ಆರ್‌ಎ ರೇಸಿನ ಯಾವ ಟಿಕೆಟ್ ತಗೊಂಡ್ರೂ ಪಿಟ್ ಒಳಗೆ ಹೋಗಬಹುದು, ಬೇರೆ ಪಾಸ್ ಬೇಕಾಗಿಲ್ಲ. ಹಗ್ಗದ ಈಚೆ ನಾವು, ಆಚೆ ಕಾರು. ನಡುವೆ ನಾಲ್ಕು ಹೆಜ್ಜೆ ಅಂತರ.

ಈ ಕಾರು ಆಗಷ್ಟೇ ಒಂದು ಸುತ್ತು ಮುಗಿಸಿ ಬಂದಿದೆ. 11 ಸಾವಿರ ಹಾರ್ಸ್‌ಪವರ್‌ಗೂ ಮೇಲಿನ ಎಂಜಿನ್, ನಾಲ್ಕು ಸೆಕೆಂಡ್ ಕೂಡ ಇಲ್ಲದ ಓಟ, ಗಂಟೆಗೆ 500 ಕಿಲೋಮೀಟರ್ ದಾಟಿದ ವೇಗ. ಬಂದು ನಿಂತ ತಕ್ಷಣ ಟೀಮಿನ ಹುಡುಗರು ಮುಗಿಬೀಳ್ತಾರೆ. ಸೂಪರ್‌ಚಾರ್ಜರ್ ಮೇಲಕ್ಕೆತ್ತಿದ್ರು, ಸಿಲಿಂಡರ್ ಹೆಡ್ ಬಿಚ್ಚಿದ್ರು. ಒಬ್ಬ ಕಾರಿನ ಕೆಳಗೆ ಮಲಗಿ ಆಯಿಲ್ ಪ್ಯಾನ್ ಇಳಿಸ್ತಿದ್ದಾನೆ. ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ಲಚ್ ಪ್ಲೇಟು ಒಂದೊಂದೇ ಹೊರಗೆ ಬರ್ತಾ ಇದೆ. ಹತ್ತಿರದಿಂದ ನೋಡಬೇಕಾದ್ದು ಸ್ಪಾರ್ಕ್ ಪ್ಲಗ್‌ಗಳನ್ನ. ಒಂದು ಸಿಲಿಂಡರ್‌ಗೆ ಎರಡರಂತೆ ಒಟ್ಟು 16. ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಜೋಡಿಸಿದ್ದಾರೆ. ತುದಿ ಸುಟ್ಟು ಕರಗಿಹೋಗಿದೆ. ಯಾವ ಸಿಲಿಂಡರ್ ಹೇಗೆ ಉರಿದಿದೆ ಅನ್ನೋದನ್ನ ಅವರು ಆ ತುದಿ ನೋಡಿ ಹೇಳ್ತಾರೆ. ನಾಲ್ಕು ಸೆಕೆಂಡ್ ಒಳಗೆ ಹೊಸ ಪ್ಲಗ್ ಈ ಸ್ಥಿತಿಗೆ ಬಂದಿದೆ.

ಇಷ್ಟೆಲ್ಲ ಪ್ರತಿ ಸುತ್ತಿಗೂ ಆಗಬೇಕು. ಭಾನುವಾರ 16 ಕಾರುಗಳು ನಾಕೌಟ್‌ಗೆ ಇಳಿಯುತ್ತವೆ, ಕಪ್ ಎತ್ತಬೇಕಂದ್ರೆ ನಾಲ್ಕು ಸುತ್ತು ಗೆಲ್ಲಬೇಕು. ಅದಕ್ಕೂ ಮುಂಚೆ ಕ್ವಾಲಿಫೈಯಿಂಗ್ ಓಟಗಳು ಬೇರೆ. ಪ್ರತಿ ಓಟಕ್ಕೂ ಗ್ಯಾಲನ್‌ಗಟ್ಟಲೆ ನೈಟ್ರೋಮೀಥೇನ್ ಇಂಧನ, ಪ್ರತಿ ಓಟ ಆದ ಮೇಲೂ ಎಂಜಿನ್ ಬಿಚ್ಚಿ ಕಟ್ಟೋದು. ಒಂದು ಸಲ ಎಂಜಿನ್ ಸಿಡಿದು ಬ್ಲಾಕ್ ಹೋದ್ರೆ ಮುಗೀತು. ಜೊತೆಗೆ ಲಾರಿಗಳ ಡೀಸೆಲ್ಲು, ಹುಡುಗರ ಸಂಬಳ, ಹೋಟೆಲ್ಲು. 50 ಸಾವಿರ ಡಾಲರ್ ಗೆದ್ದ ಟೀಮಿಗೆ ಮನೆಗೆ ಹೋಗೋವಾಗ ಎಷ್ಟು ಉಳಿದಿರುತ್ತೆ ಅಂತ ನೀವೇ ಅಂದಾಜು ಮಾಡಿ. ಒಂದು ಸೀಸನ್ ಪೂರ್ತಿ ಓಡಿಸೋದಕ್ಕೆ ಬೇಕಾಗೋದು ಹತ್ತಾರು ಲಕ್ಷ ಡಾಲರ್‌ಗಳ ಲೆಕ್ಕ. ಬಹುಮಾನದ ದುಡ್ಡಲ್ಲಿ ಅದು ಹುಟ್ಟೋದಿಲ್ಲ. ಹುಟ್ಟೋದು ಸ್ಪಾನ್ಸರ್ ಕೈಯಿಂದ.

ಗಾಲ್ಫ್‌ನಲ್ಲೂ ಸ್ಪಾನ್ಸರ್ ಇದ್ದಾರೆ, ಇನ್ನೂ ದೊಡ್ಡ ದೊಡ್ಡವರೇ ಇದ್ದಾರೆ. ಆದ್ರೆ ಅಲ್ಲಿ ಅವರ ದುಡ್ಡಿನ ದೊಡ್ಡ ಪಾಲು ಟೂರ್ನಮೆಂಟಿಗೆ ಹೋಗುತ್ತೆ. ಕಂಪನಿ ತನ್ನ ಹೆಸರನ್ನ ಟೂರ್ನಮೆಂಟಿಗೆ ಇಡುತ್ತೆ, ಟಿವಿ ಹಕ್ಕಿನ ದುಡ್ಡು ಸೇರುತ್ತೆ, ಎಲ್ಲ ಒಂದು ಗಂಟಾಗುತ್ತೆ. ಆ ಗಂಟನ್ನ ಆಡಿದ ಪ್ರಕಾರ ಹಂಚ್ತಾರೆ. ಅಮೆರಿಕದ ಮುಖ್ಯ ಗಾಲ್ಫ್ ಸರಣಿಯಾದ ಪಿಜಿಎ ಟೂರ್‌ನಲ್ಲಿ ಸಾಮಾನ್ಯವಾಗಿ ಗೆದ್ದವರಿಗೆ ಶೇಕಡ 18, ಎರಡನೆಯವರಿಗೆ 10.9, ಮೂರನೆಯವರಿಗೆ 6.9. ಚೆನ್ನಾಗಿ ಆಡಿದ್ರೆ ದುಡ್ಡು. ಎರಡು ದಿನದ ನಂತರ ಕಟ್ (ಮುಂದಕ್ಕೆ ಆಡೋಕೆ ಬೇಕಾದ ಸ್ಕೋರ್) ದಾಟದೇ ಹೋದ್ರೆ ಬಹುಮಾನದಲ್ಲಿ ಬಿಡಿಗಾಸೂ ಇಲ್ಲ, ಪ್ರಯಾಣದ ಖರ್ಚು ಕೈಯಿಂದಲೇ. ಗಾಲ್ಫ್ ಆಟಗಾರರ ಬದುಕು ಸಲೀಸು ಅಂತ ಯಾರೂ ತಿಳ್ಕೋಬೇಡಿ. ಬಿಡದಿ ಹತ್ತಿರದ ಈಗಲ್ಟನ್‌ನಲ್ಲಿ ಚೆಂಡು ಹೆಕ್ಕೋ ಹುಡುಗನಾಗಿ ಶುರು ಮಾಡಿ ಪ್ರೊಫೆಷನಲ್ ಆದ ನಮ್ಮ ಚಿಕ್ಕರಂಗಪ್ಪ ಅವರ ದಾರಿ ನೋಡಿದವರಿಗೆ ಅದು ಗೊತ್ತಿರುತ್ತೆ. ಆದರೂ ಒಂದು ಮಾತು ನಿಜ: ಆ ಆಟದಲ್ಲಿ ಸ್ಕೋರ್‌ಕಾರ್ಡ್ ಬರೆದಷ್ಟು ದುಡ್ಡು ಬಂದೇ ಬರುತ್ತೆ.

ಇಬ್ಬರ ಕಥೆ ಹೇಳ್ತೀನಿ, ವ್ಯತ್ಯಾಸ ಕಣ್ಣಿಗೆ ಕಟ್ಟುತ್ತೆ.

2016ರ ಆಗಸ್ಟ್‌ನಲ್ಲಿ ನೈಕಿ ಗಾಲ್ಫ್ ಕ್ಲಬ್, ಅಂದ್ರೆ ಚೆಂಡು ಹೊಡೆಯೋ ಕೋಲು, ತಯಾರಿಸೋದನ್ನೇ ನಿಲ್ಲಿಸಿತು. ಬ್ರೂಕ್ಸ್ ಕೆಪ್ಕಾ ಆಗ ನೈಕಿ ಕ್ಲಬ್‌ಗಳಲ್ಲಿ ಆಡ್ತಿದ್ದ ಆಟಗಾರ. ಅವರು ಬೇರೆ ಕಂಪನಿ ಜೊತೆ ಕ್ಲಬ್ ಒಪ್ಪಂದಕ್ಕೆ ಆತುರಪಡಲಿಲ್ಲ. ತಮಗೆ ಒಗ್ಗಿದ ಡ್ರೈವರ್ ಕ್ಲಬ್ ಒಂದು ಕಂಪನಿಯದು, ಐರನ್ ಕ್ಲಬ್‌ಗಳು ಇನ್ನೊಂದರದು, ಹೀಗೆ ಬ್ಯಾಗ್ ತುಂಬಿಸಿಕೊಂಡು ಹೊರಟರು. 2017ರ ಯು.ಎಸ್. ಓಪನ್ ಗೆದ್ದರು, 21 ಲಕ್ಷ 60 ಸಾವಿರ ಡಾಲರ್ ಬಂತು. 2018ರಲ್ಲಿ ಮತ್ತೆ ಅದನ್ನೇ ಗೆದ್ದರು. ಕ್ಲಬ್ ಒಪ್ಪಂದ ಹೋಯ್ತು ಅಂತ ಅವರ ಆಟ ಒಂದು ದಿನವೂ ನಿಲ್ಲಲಿಲ್ಲ.

ಈಗ ಟೋನಿ ಶೂಮೇಕರ್. ಟಾಪ್ ಫ್ಯೂಯಲ್‌ನಲ್ಲಿ ಎಂಟು ಸಲ ಚಾಂಪಿಯನ್, ಆ ವಿಭಾಗದಲ್ಲಿ ಬೇರೆ ಯಾರೂ ಅಷ್ಟು ಗೆದ್ದಿಲ್ಲ. ಅವರ ಸ್ಪಾನ್ಸರ್ ಅಮೆರಿಕದ ಸೇನೆ. 2018ರ ಕೊನೆಗೆ ಸೇನೆ ಹಿಂದೆ ಸರಿಯಿತು. ಟೀಮ್ ಯಾರದು? ಅವರ ಸ್ವಂತ ಅಪ್ಪ, ಡಾನ್ ಶೂಮೇಕರ್ ಅವರದು. ಆದರೂ 2019ರ ಸೀಸನ್ ಪೊಮೋನಾದಲ್ಲಿ ಶುರುವಾದಾಗ ಟೋನಿ ಸ್ಟಾರ್ಟಿಂಗ್ ಲೈನ್‌ನಲ್ಲಿ ಇರಲಿಲ್ಲ. ಎಂಟು ಚಾಂಪಿಯನ್‌ಷಿಪ್, ಅಪ್ಪನದೇ ಟೀಮು, ಓಡಿಸೋ ಕೈ ಪಳಗಿದ ಕೈ. ಎಲ್ಲ ಇದ್ದೂ ಲೆಕ್ಕಕ್ಕುಂಟು ಆಟಕ್ಕಿಲ್ಲ ಅನ್ನೋ ಹಾಗಾಯ್ತು. ಬಹುಮಾನದ ದುಡ್ಡು ಖರ್ಚಿನ ಅರ್ಧದಷ್ಟಾದ್ರೂ ತೂಗಿದ್ರೆ ಆ ಕಾರು ಶೆಡ್‌ನಲ್ಲಿ ನಿಲ್ತಿತ್ತಾ? ನನಗೆ ಹಾಗನ್ನಿಸಲ್ಲ.

ಜಾನ್ ಫೋರ್ಸ್‌ಗೂ ಇದು ತಪ್ಪಲಿಲ್ಲ. 2013ರಲ್ಲಿ ಫನ್ನಿ ಕಾರ್ ಅನ್ನೋ ಇನ್ನೊಂದು ಡ್ರ್ಯಾಗ್ ರೇಸ್ ವಿಭಾಗದಲ್ಲಿ 16ನೇ ಚಾಂಪಿಯನ್‌ಷಿಪ್ ಗೆದ್ದವರು. ಮುಂದಿನ ವರ್ಷದ ಕೊನೆಗೆ, ದಶಕಗಳ ನಂಟಿದ್ದ ಕ್ಯಾಸ್ಟ್ರಾಲ್ ಹೊರಟುಹೋಯ್ತು, ಫೋರ್ಡ್ ಕೂಡ ಹೊರಟಿತು. ಅವರು ಆ ವಯಸ್ಸಿನಲ್ಲೂ ಮತ್ತೆ ಕಂಪನಿಗಳ ಬಾಗಿಲು ತಟ್ಟಿ ಹೊಸ ಸ್ಪಾನ್ಸರ್‌ಗಳನ್ನ ತಂದು ಟೀಮ್ ನಿಲ್ಲಿಸಿದ್ರು. ಈ ಕ್ರೀಡೆಯಲ್ಲಿ ಸ್ಟೀರಿಂಗ್, ಥ್ರಾಟಲ್ ಎಷ್ಟು ಗೊತ್ತಿರಬೇಕೋ ಬೋರ್ಡ್‌ರೂಮ್‌ನಲ್ಲಿ ಕೂತು ಮಾತಾಡೋದೂ ಅಷ್ಟೇ ಗೊತ್ತಿರಬೇಕು.

ಹಾಗಂತ ಸ್ಪಾನ್ಸರ್‌ಗಳನ್ನ ನಾನು ಬೈತಿಲ್ಲ. ಅವರಿಲ್ಲದೆ ಈ ಆಟವೇ ಇಲ್ಲ. 1970ರಲ್ಲಿ ಡ್ರೈವರ್‌ಗಳಾದ ಡಾನ್ ಪ್ರುಡೋಮ್ ಮತ್ತು ಟಾಮ್ ಮೆಕ್ಯೂಯನ್, ‘ಸ್ನೇಕ್’ ಮತ್ತು ‘ಮಂಗೂಸ್’, ಹಾವು ಮುಂಗುಸಿ ಅಂತ ಹೆಸರಿಟ್ಟುಕೊಂಡು ಆಟಿಕೆ ಕಂಪನಿ ಮ್ಯಾಟೆಲ್‌ನ ಒಪ್ಪಿಸಿದ್ರು. ಹಾಟ್ ವೀಲ್ಸ್ ಹೆಸರು ಅವರ ಕಾರುಗಳ ಮೇಲೆ ಬಂತು. ಎಣ್ಣೆ, ಟೈರು, ಸ್ಪಾರ್ಕ್ ಪ್ಲಗ್ ಕಂಪನಿಗಳ ಆಚೆಯಿಂದ ಇಷ್ಟು ದೊಡ್ಡ ದುಡ್ಡು ಡ್ರ್ಯಾಗ್ ರೇಸಿಂಗ್‌ಗೆ ಬಂದಿದ್ದು ಅಲ್ಲಿಂದಲೇ. 1975ರಿಂದ 2001ರವರೆಗೆ ಇಡೀ ಸರಣಿಯನ್ನ ವಿನ್‌ಸ್ಟನ್ ಸಿಗರೇಟ್ ಹೊತ್ತು ನಡೆಸಿತು. ತಂಬಾಕು ಕಂಪನಿಗಳ ಪ್ರಾಯೋಜನೆಗೆ ಮಿತಿ ಹಾಕಿದ 1998ರ ಒಪ್ಪಂದದ ನಂತರ ಆ ಕಂಪನಿ ನ್ಯಾಸ್ಕಾರ್ ಕಾರ್ ರೇಸ್ ಸರಣಿಯನ್ನ ಉಳಿಸಿಕೊಂಡು ಇದನ್ನ ಬಿಟ್ಟಿತು. ಆಮೇಲೆ ಕೋಕಾ-ಕೋಲಾ ತನ್ನ ಒಂದೊಂದೇ ಬ್ರ್ಯಾಂಡ್ ಹೆಸರಲ್ಲಿ 2020ರವರೆಗೆ ಇತ್ತು, ಕೊನೆಗೆ ಅದು ಕೋರ್ಟ್ ಮೆಟ್ಟಿಲೇರಿ ಮುಗೀತು. ನಂತರ ಕ್ಯಾಂಪಿಂಗ್ ವರ್ಲ್ಡ್, 2024ರಿಂದ ಮಿಷನ್ ಫುಡ್ಸ್.

ಕಂಪನಿಗಳು ಗಾಲ್ಫ್‌ಗೆ ಯಾಕೆ ಜಾಸ್ತಿ ಸುರಿತಾವೆ ಅನ್ನೋದು ರಿವಿಯೆರಾದಂಥ ಕಡೆ ನಿಂತರೆ ತಾನಾಗಿ ಅರ್ಥವಾಗುತ್ತೆ. ಟೂರ್ನಮೆಂಟ್ ಶುರುವಾಗೋ ಹಿಂದಿನ ದಿನ ಪ್ರೊ-ಆಮ್ ಇರುತ್ತೆ. ಸ್ಪಾನ್ಸರ್ ಕರೆದ ಅತಿಥಿಗಳು, ಅಂದ್ರೆ ದೊಡ್ಡ ಗಿರಾಕಿಗಳು, ದೊಡ್ಡ ಆಟಗಾರರ ಜೊತೆ 18 ಹೋಲ್ ಆಡ್ತಾರೆ. ಗಂಟೆಗಟ್ಟಲೆ ಜೊತೆಗೆ ನಡಿಗೆ. ಎಷ್ಟೋ ವ್ಯವಹಾರ ಆ ಹುಲ್ಲಿನ ಮೇಲೇ ಕುದುರುತ್ತೆ. ಬ್ಯಾಂಕು, ವಿಮೆ, ಐಷಾರಾಮಿ ಕಾರಿನವರಿಗೆ ಬೇಕಾಗಿರೋದು ಅದೇ. ಜೊತೆಗೆ ನಾಲ್ಕು ದಿನ ಬಿಡದೆ ಟಿವಿ.

ಪೊಮೋನಾದ ಜನ ಬೇರೆ. ಗ್ಯಾರೇಜ್ ನಡೆಸೋರು, ಲಾರಿ ಓಡಿಸೋರು, ಮನೆ ಹಿಂದಿನ ಶೆಡ್‌ನಲ್ಲಿ ಹಳೇ ಕಾರು ಕಟ್ತಾ ಇರೋರು. ಅವರಿಗೆ ಪಾನಾ ಸೆಟ್ಟು, ಎಂಜಿನ್ ಆಯಿಲ್ ಮಾರೋ ಕಂಪನಿಗೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ. ನಾಲ್ಕು ಸಲದ ಚಾಂಪಿಯನ್ ಆಂಟ್ರನ್ ಬ್ರೌನ್ ಬೆನ್ನಿಗೆ ಮೆಕ್ಯಾನಿಕ್‌ಗಳಿಗೆ ಸಲಕರಣೆ ಮಾರೋ ಮ್ಯಾಟ್ಕೋ ಟೂಲ್ಸ್ ಇರೋದು ಸುಮ್ಮನೆ ಅಲ್ಲ. ಹಗ್ಗದ ಹತ್ತಿರ ನಿಂತ ಹುಡುಗರಿಗೆ ಡ್ರೈವರ್‌ಗಳು ಸಹಿ ಹಾಕಿ ಹೀರೋ ಕಾರ್ಡ್ ಕೊಡ್ತಾರೆ, ಹಿಂದೆ ಮುಂದೆ ಸ್ಪಾನ್ಸರ್‌ಗಳ ಲೋಗೋ. ಮನೆಯ ಗೋಡೆ ಮೇಲೆ ವರ್ಷಗಟ್ಟಲೆ ಉಳಿಯೋ ಜಾಹೀರಾತು ಅದು. ಇಷ್ಟು ನಿಷ್ಠೆಯ ಅಭಿಮಾನಿಗಳಿಗೆ ಸಿಗಬೇಕಾದ ಬೆಲೆ ಇನ್ನೂ ಸಿಕ್ಕಿಲ್ಲ ಅಂತ ನನ್ನ ಗಟ್ಟಿ ನಂಬಿಕೆ.

ಅಪಾಯದ ಮಾತೂ ಆಡಲೇಬೇಕು. 2008ರ ಜೂನ್‌ನಲ್ಲಿ ನ್ಯೂಜೆರ್ಸಿಯ ಎಂಗ್ಲಿಷ್‌ಟೌನ್‌ನಲ್ಲಿ ಓಟದ ವೇಳೆ ಡ್ರೈವರ್ ಸ್ಕಾಟ್ ಕಾಲಿಟ್ಟಾ ತೀರಿಕೊಂಡ ಮೇಲೆ ಟಾಪ್ ಫ್ಯೂಯಲ್, ಫನ್ನಿ ಕಾರ್ ಓಟದ ದೂರವನ್ನ 1,320 ಅಡಿಯಿಂದ 1,000 ಅಡಿಗೆ ಇಳಿಸಿದ್ರು. 2024ರ ಜೂನ್‌ನಲ್ಲಿ ವರ್ಜೀನಿಯಾದಲ್ಲಿ ಜಾನ್ ಫೋರ್ಸ್ ತಲೆಗೆ ತೀವ್ರ ಪೆಟ್ಟಾಯ್ತು. ಪ್ರಾಣ ಒತ್ತೆಯಿಟ್ಟು ಓಡಿಸೋರಿಗೆ ಗೆದ್ದ ದಿನ ಸಿಗೋ ಚೆಕ್ ಇಷ್ಟು ಸಣ್ಣದಾಗಿರಬಾರದು.

ಬದಲಾಗೋದು ಸಾಧ್ಯ ಅಂತ ಅದೇ ವರ್ಷ ಫೆಬ್ರವರಿಯಲ್ಲಿ ಫ್ಲೋರಿಡಾದ ಬ್ರೇಡನ್‌ಟನ್ ತೋರಿಸಿತು. ಟೀಮ್ ಮಾಲೀಕರ ಸಂಘವೇ ಮುಂದೆ ನಿಂತು ಸೂಪರ್‌ಸ್ಟಾರ್ ಶೂಟ್‌ಔಟ್ ನಡೆಸಿತು. ಟಾಪ್ ಫ್ಯೂಯಲ್ ಗೆದ್ದವರಿಗೆ ಎರಡೂವರೆ ಲಕ್ಷ ಡಾಲರ್. ಗೆದ್ದಿದ್ದು ಡಗ್ ಕಾಲಿಟ್ಟಾ, ಸ್ಕಾಟ್ ಅವರ ಸೋದರ ಸಂಬಂಧಿ. ಗಾಲ್ಫ್‌ನ ಪಕ್ಕ ಇಟ್ರೆ ಇದೂ ಸಣ್ಣದೇ. ಆದ್ರೆ ಎಂದಿನ 50 ಸಾವಿರಕ್ಕೆ ಐದು ಪಟ್ಟು, ಅದೂ ಟೀಮ್‌ನವರು ತಾವೇ ಓಡಾಡಿ ಕಟ್ಟಿದ ಗಂಟು. ಸೀಸನ್‌ನಲ್ಲಿ ಇಂಥ ನಾಲ್ಕೈದು ರೇಸ್ ಆದ್ರೂ ಸಾಕು, ಒಳ್ಳೇ ಡ್ರೈವರ್ ಒಬ್ಬ ಸ್ಪಾನ್ಸರ್ ಇಲ್ಲ ಅಂತ ಮನೇಲಿ ಕೂರೋದು ಎಷ್ಟೋ ತಪ್ಪುತ್ತೆ.

ಪೊಮೋನಾಗೆ ಬರೋ ಯೋಚನೆ ಇರೋ ಕನ್ನಡದವರಿಗೆ ಒಂದು ಮಾತು. ಎರಡು ಸುತ್ತುಗಳ ನಡುವೆ ಸ್ಟ್ಯಾಂಡ್‌ನಲ್ಲಿ ಕೂರಬೇಡಿ, ನೇರ ಪಿಟ್‌ಗೆ ಹೋಗಿ. ಎಂಜಿನ್ ಮತ್ತೆ ಕಟ್ಟಿ ಮೊದಲ ಸಲ ಸ್ಟಾರ್ಟ್ ಮಾಡೋವಾಗ ನೈಟ್ರೋ ಹೊಗೆಗೆ ಕಣ್ಣು ಉರಿಯುತ್ತೆ, ಮೂಗು ಸೋರುತ್ತೆ, ಎದೆಗೂಡು ಅದುರುತ್ತೆ. ಮಕ್ಕಳಿಗೆ ಇಯರ್‌ಮಫ್ ತಪ್ಪದೆ ತನ್ನಿ. ಪ್ಲಗ್ ಜೋಡಿಸಿಟ್ಟ ಮೇಜಿನ ಹತ್ತಿರ ಯಾರಾದ್ರೂ ಕೈ ಒರೆಸಿಕೊಳ್ತಾ ಬಿಡುವಾಗಿ ನಿಂತಿದ್ರೆ ಮಾತಾಡಿಸಿ, ಖುಷಿಯಿಂದ ಹೇಳ್ತಾರೆ.