ಒಂದೇ ಎಲೆಯ ಹಬ್ಬದೂಟ

ಕೇಳುಗರಿಗೆ ನಮಸ್ಕಾರ. ಯುಗಾದಿ ಹತ್ತಿರ ಬಂದಿದೆ. ಅಂದು ಮನೆಯಲ್ಲಿ ಒಬ್ಬರೇ ಇರುವವರಿಗಾಗಿಯೇ ಇವತ್ತಿನ ನನ್ನ ಮಾತು. ಮಕ್ಕಳೆಲ್ಲ ದೂರದಲ್ಲಿರುವ ತಾಯಂದಿರು, ಸಂಗಾತಿಯನ್ನು ಕಳೆದುಕೊಂಡ ಹಿರಿಯರು, ರಜೆ ಸಿಗದೆ ಬಾಡಿಗೆ ಕೋಣೆಯಲ್ಲೇ ಉಳಿದ ಹುಡುಗ ಹುಡುಗಿಯರು, ನಿಮಗೆಲ್ಲ ನಾನು ಹೇಳುವುದು ಇಷ್ಟೇ: ಒಬ್ಬಟ್ಟು ಮಾಡಿ, ಎಲೆ ಹಾಕಿಕೊಂಡು, ಕುಳಿತು ಉಣ್ಣಿ.

“ಒಬ್ಬರಿಗೋಸ್ಕರ ಅಷ್ಟೆಲ್ಲ ಯಾಕೆ?” ಮೂವತ್ತು ವರ್ಷ ಗೃಹವಿಜ್ಞಾನ ಕಲಿಸಿದ ನನಗೆ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ಹತ್ತು ಜನರಿದ್ದರೆ ಮಾಡುತ್ತಿದ್ದಿರಲ್ಲವೆ? ಆ ಹತ್ತರಲ್ಲಿ ನೀವೂ ಒಬ್ಬರಾಗಿದ್ದಿರಿ ತಾನೆ?

ನನ್ನದೇ ಒಂದು ಪ್ರಸಂಗ ಹೇಳುತ್ತೇನೆ. 1987ರಲ್ಲಿ ನಾನು ನಾಗಪುರದಲ್ಲಿ ಕೆಲಸಕ್ಕಿದ್ದೆ. ಯುಗಾದಿಗೆ ಊರಿಗೆ ಹೋಗಲು ರಜೆ ಸಿಗಲಿಲ್ಲ. ಒಬ್ಬಟ್ಟಿನ ಅಳತೆ ಕೇಳಿ ಅಮ್ಮನಿಗೆ ಕಾಗದ ಬರೆದೆ. ಇನ್‌ಲ್ಯಾಂಡ್ ಪತ್ರದಲ್ಲಿ ಉತ್ತರ ಬಂತು: “ಎರಡು ಸೇರು ಬೇಳೆ ತೊಳೆದು ಬೇಯಲು ಹಾಕು.” ಎರಡು ಸೇರು! ಅಮ್ಮನ ಕೈಗೆ ಮನೆಮಂದಿಗೆಲ್ಲ ಮಾಡಿಯೇ ಅಭ್ಯಾಸ. ನಾನು ಅರ್ಧ ಲೋಟ ಕಡಲೆಬೇಳೆ ಇಟ್ಟೆ. ಬೇಳೆ ಚೆನ್ನಾಗಿಯೇ ಬೆಂದಿತು, ಆದರೆ ಕಟ್ಟನ್ನು, ಅಂದರೆ ಬೇಳೆ ಬೆಂದ ನೀರನ್ನು, ಪೂರ್ತಿ ಬಸಿಯದೆ ಬೆಲ್ಲ ಹಾಕಿಬಿಟ್ಟೆ. ಹೂರಣ ಪಾಯಸದಂತಾಯಿತು. ಅಳು ಬಂತು. ಒಲೆಯ ಮುಂದೆ ನಿಂತು ಸಣ್ಣ ಉರಿಯಲ್ಲಿ ಕೈಯಾಡಿಸಿದೆ, ಆಡಿಸಿದೆ. ಕೊನೆಗೆ ಅದು ಬಾಣಲೆಯ ಅಂಚು ಬಿಟ್ಟು ಮುದ್ದೆಯಾಗಿ ಸೌಟಿನ ಹಿಂದೆಯೇ ತಿರುಗತೊಡಗಿತು. ಏಲಕ್ಕಿ ಹಾಕಿ ರುಬ್ಬಿದೆ. ಒಟ್ಟು ಆರು ಒಬ್ಬಟ್ಟಾದವು, ಎರಡು ಹರಿದವು.

ಅಲ್ಲಿಯವರಿಗೂ ಅಂದು ಗುಡಿಪಾಡ್ವ, ಮರಾಠಿಗರ ಹೊಸ ವರ್ಷ. ಪಕ್ಕದ ಮನೆಯ ಬಾಗಿಲಲ್ಲಿ ರೇಷ್ಮೆ ವಸ್ತ್ರ ಹೊದ್ದ ಗುಡಿ, ಅಂದರೆ ಅವರ ಹಬ್ಬದ ಕೋಲು, ನಿಂತಿತ್ತು. ಬೇವಿನ ಹೂವನ್ನು ಅವರೇ ಕೊಟ್ಟರು. ಬಾಳೆ ಎಲೆ ಸಿಗಲಿಲ್ಲ, ಹೊಲಿದ ಮುತ್ತುಗದ ಎಲೆ ತಂದೆ. ನೀರು ಚಿಮುಕಿಸಿ ಒರೆಸಿ, ತುದಿಗೆ ಉಪ್ಪು ಬಡಿಸಿ, ಬೇವುಬೆಲ್ಲ ಬಾಯಿಗೆ ಹಾಕಿಕೊಂಡು ಕುಳಿತೆ. ಬಿಸಿ ಒಬ್ಬಟ್ಟಿನ ಮೇಲೆ ತುಪ್ಪ ಕರಗಿ ಎಲೆಯ ಹೊಲಿಗೆಯ ಸಂದಿಗೆ ಇಳಿಯಿತು. ಆ ಘಮ ಮೂಗಿಗೆ ಬಂದಾಗ ನಾನು ನಾಗಪುರದಲ್ಲಿರಲಿಲ್ಲ, ನಮ್ಮ ನಡುಮನೆಯ ಪಂಕ್ತಿಯಲ್ಲಿದ್ದೆ.

ಅಂದಿನಿಂದ ನನ್ನ ಅಳತೆ ಇದೇ, ಬರೆದುಕೊಳ್ಳಿ. ಅರ್ಧ ಲೋಟ ಕಡಲೆಬೇಳೆ, ಅರ್ಧ ಲೋಟ ಬೆಲ್ಲ. ಹೊರಗಿನ ಹಿಟ್ಟಿಗೆ, ಅಂದರೆ ಕಣಕಕ್ಕೆ, ಅರ್ಧ ಲೋಟ ಮೈದಾ, ಚಿಟಿಕೆ ಅರಿಶಿನ, ಚಿಟಿಕೆ ಉಪ್ಪು. ಕೈಗೆ ಅಂಟುವಷ್ಟು ಮೆತ್ತಗೆ ಕಲಸಿ, ಧಾರಾಳವಾಗಿ ಎಣ್ಣೆ ಬಿಟ್ಟು ನಾದಿ, ಎರಡು ಗಂಟೆ ನೆನೆಯಲು ಬಿಡಿ. ಎಣ್ಣೆಗೆ ಜಿಪುಣತನ ಮಾಡಿದರೆ ಒಬ್ಬಟ್ಟು ಹರಿಯುತ್ತದೆ. ಬೇಳೆಯನ್ನು ಎರಡು ಬೆರಳ ನಡುವೆ ಒತ್ತಿದರೆ ಹಿಟ್ಟಾಗಬೇಕು, ಆದರೆ ಪಾತ್ರೆಯಲ್ಲಿ ಕರಗಿರಬಾರದು. ಕಟ್ಟನ್ನು ಚೆಲ್ಲಬೇಡಿ! ಒಂದು ಹಿಡಿ ಹೂರಣ, ಹುಣಸೆರಸ, ಸಾರಿನಪುಡಿ ಹಾಕಿ ಕುದಿಸಿದರೆ ಒಬ್ಬಟ್ಟಿನ ಸಾರು. ಮರುದಿನಕ್ಕೆ ಅದರ ರುಚಿ ಇನ್ನೂ ಹೆಚ್ಚು.

ಮಾವಿನಕಾಯಿ ಚಿತ್ರಾನ್ನ, ಕೋಸಂಬರಿಯ ಬಗ್ಗೆ ಹೇಳಲು ಸಮಯವಿಲ್ಲ. ಒಂದು ಹಿಡಿ ಹೆಸರುಬೇಳೆ ನೆನೆಹಾಕಿ, ಸೌತೆಕಾಯಿ ಹೆಚ್ಚಿ ಹಾಕಿದರಾಯಿತು. ಆದರೆ ದಯವಿಟ್ಟು ಅಡುಗೆಕಟ್ಟೆಯ ಪಕ್ಕ ನಿಂತುಕೊಂಡು, ಪಾತ್ರೆಯಿಂದಲೇ ತಿನ್ನಬೇಡಿ. ಟಿವಿ ಆರಿಸಿ, ಎಲೆ ಹಾಕಿ, ಕುಳಿತುಕೊಳ್ಳಿ. ಊಟವಾದ ಮೇಲೆ ಮಕ್ಕಳಿಗೋ ಅಕ್ಕತಂಗಿಯರಿಗೋ ಫೋನ್ ಮಾಡಿ, ನಿಮ್ಮ ಒಬ್ಬಟ್ಟು ಎಷ್ಟು ಹರಿದವು ಎಂದು ಹೇಳಿ.

ಬೇಳೆ, ಬೆಲ್ಲ ಇವತ್ತೇ ತಂದಿಟ್ಟುಕೊಳ್ಳಿ. ಯುಗಾದಿಯ ಶುಭಾಶಯಗಳು. ನಮಸ್ಕಾರ.